ಸ್ವೆಟರ್ ತೊಟ್ಟ ಕರು

ಕೋರಮಂಡಲ್, ಕೆ.ಜಿ.ಎಫ್.
8-1-2024

ಪ್ರೀತಿಯ ರತ್ನ,

ಹತ್ತು ವರ್ಷದ ಮೇಲೆ ನನ್ನ ಕೈಬರಹ ನೋಡಿ ಲಕೋಟೆಯನ್ನು ಒಲೆಗೆ ಹಾಕಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಬೇರೆಯವರ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಅರ್ಧದವರೆಗಾದರೂ ಓದುತ್ತೀಯ ಎಂಬ ಆಸೆ ನನ್ನದು. ಆರನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು. ಯಾವ ಕಾರಣಕ್ಕೆ ನನ್ನನ್ನು ಬಿಟ್ಟೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅದನ್ನು ಕೇಳಲು ಈ ಕಾಗದ ಅಲ್ಲ, ಈಗ ತಲೆಯ ಮೇಲೆ ಬೇರೆಯೇ ಕಷ್ಟ ಇದೆ.

ಇವರು ಫ್ಯಾಕ್ಟರಿಯಿಂದ ರಿಟೈರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಇಲ್ಲಿಯ ಗಣಿ ಕಾರ್ಮಿಕರ ಹಳೆ ಸಾಲುಮನೆ ಲೈನಿನಲ್ಲಿ ಒಂದು ಮನೆ ಹಿಡಿದೆವು. ಹಿಂದೆ ಜಾಗವಿದೆ ಎಂದು ನಾನು ಒಂದು ನಾಟಿ ಹಸು ಕಟ್ಟಿದೆ. ಹೆಸರು ಕೆಂಪಿ. ಡಿಸೆಂಬರಿನಲ್ಲಿ ಹೆಣ್ಣುಗರು ಹಾಕಿತು. ಈ ಚಳಿಗೆ ನಡುಗುತ್ತದೆ ಎಂದು ನವ್ಯಳ ಹಳೆಯ ಸ್ಕೂಲ್ ಸ್ವೆಟರ್ ತೊಡಿಸಿದ್ದೆ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡಿದ್ದು ಅದೊಂದೇ. ಇಪ್ಪತ್ತೆರಡು ದಿನ ಇತ್ತು. ಭೇದಿ ಹತ್ತಿ ಶನಿವಾರ ಸತ್ತುಹೋಯಿತು.

ಅಂದಿನಿಂದ ಕೆಂಪಿ ಸೊರ ಬಿಡುತ್ತಿಲ್ಲ, ಹಾಲು ಇಳಿಸುತ್ತಿಲ್ಲ. ಕೆಚ್ಚಲು ತುಂಬಿ ಕಲ್ಲಾಗಿದೆ. ಎಳೆದೆಳೆದು ಹಿಂಡಿದರೆ ಒಂದು ಲೋಟ. ಪಕ್ಕದ ಮನೆಯ ದ್ಯಾವಮ್ಮ ಬಂದು, "ಕರು ತೊಗಲಿಗೆ ಉಲ್ಲು ತುಂಬಿ ಮುಂದ್ಕೆ ನಿಲ್ಸಮ್ಮಾ, ತಾಯಿ ನೆಕ್ಕುತ್ತೆ, ಆಲು ಬಿಡ್ತದೆ" ಎಂದಳು. ಮಟನ್ ಅಂಗಡಿಯ ಸೆಲ್ವರಾಜ್ ಬಂದು ತೊಗಲು ಬಿಡಿಸಿ ಉಪ್ಪು ಸವರಿ ಬಕೆಟ್ಟಿಗೆ ಹಾಕಿಕೊಟ್ಟ. "ತೋಲು ಎತ್ತೋದು ನನ್ನ ಕೆಲಸ ಅಮ್ಮಾ, ಆಮೇಲಿಂದು ನಂಗೆ ತೆರಿಯಾದು" ಎಂದು ಕೈ ತೊಳೆದುಕೊಂಡ. ದ್ಯಾವಮ್ಮನಿಗೂ ಅದನ್ನು ಕೊಳೆಯದ ಹಾಗೆ ಹದ ಮಾಡುವುದು ಗೊತ್ತಿಲ್ಲ.

ಇವರು, "ಇದೆಲ್ಲ ರಗಳೆ ಬೇಡ, ಹಸು ಕೊಟ್ಟುಬಿಡೋಣ" ಎನ್ನುತ್ತಿದ್ದಾರೆ. ದಲ್ಲಾಳಿ ಕುಪ್ಪುಸ್ವಾಮಿ ಒಮ್ಮೆ ಬಂದು ಹಲ್ಲು ನೋಡಿ ಹೋಗಿದ್ದಾನೆ. ಅವನಿಗೆ ಕೊಟ್ಟ ಹಸು ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ನಿಮ್ಮ ಅಪ್ಪನನ್ನು ಕೇಳಿ ಹೇಗೆ ಹದ ಮಾಡಬೇಕೆಂದು ಬರೆದು ತಿಳಿಸು. ನನಗೆ ಗೊತ್ತಿರುವವರಲ್ಲಿ ಅದನ್ನು ಬಲ್ಲವರು ಅವರೊಬ್ಬರೇ.

ನಿನ್ನ,
ಭಾರ್ಗವಿ

*

ಬಂಗಾರಪೇಟೆ
12-1-2024

ಶ್ರೀಮತಿ ಭಾರ್ಗವಿ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಕರು ಸತ್ತ ಸುದ್ದಿ ತಿಳಿದು ಬೇಸರವಾಯಿತು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ತೊಗಲು ಹದ ಮಾಡುವುದು ನನಗೆ ಗೊತ್ತಿಲ್ಲ. ಗೊತ್ತಿರಲೇಬೇಕೆಂದು ತಾವು ಯಾಕೆ ಅಂದುಕೊಂಡಿರೋ ಅದೂ ಗೊತ್ತಾಗಲಿಲ್ಲ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ನಮ್ಮ ತಂದೆ ತೀರಿಕೊಂಡು ಆರು ವರ್ಷವಾಯಿತು.

ಇಂತಿ,
ಎಂ. ಮುನಿರತ್ನಮ್ಮ
ನಿವೃತ್ತ ಮುಖ್ಯ ಶಿಕ್ಷಕಿ

*

ಕೋರಮಂಡಲ್
20-1-2024

ರತ್ನ,

'ತಾವು' ಎಂದು ಬರೆದಿದ್ದೀಯ. ಓದಿ ನಗು ಬಂತು, ಆಮೇಲೆ ಅಳು ಬಂತು. ಅಪ್ಪ ಹೋಗಿ ಆರು ವರ್ಷ, ನನಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಬಂಗಾರಪೇಟೆಗೂ ಕೋರಮಂಡಲಕ್ಕೂ ಮಧ್ಯೆ ಸಮುದ್ರ ಇದೆಯಾ? ಅವರು ನನಗೆ ಹೊಲಿದುಕೊಟ್ಟ ಚಪ್ಪಲಿ ಎರಡು ಸಲ ಅಟ್ಟೆ ಹಾಕಿಸಿಕೊಂಡು ಇನ್ನೂ ನಡೆಯುತ್ತಿದೆ. ಅದನ್ನು ಹಾಕಿಕೊಂಡೇ ನಿನ್ನ ಕಾಗದ ತರಲು ಪೋಸ್ಟಾಫೀಸಿಗೆ ಹೋಗಿದ್ದೆ.

ನಿನ್ನ ದಾರಿ ಕಾಯಲಾಗಲಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ ಒಂದು ಭಾನುವಾರ ನಿನ್ನ ಜೊತೆ ಬೇತಮಂಗಲದ ಬಸ್ಸು ಹಿಡಿದು ನಿಮ್ಮ ಊರಿಗೆ ಬಂದಿದ್ದೆನಲ್ಲ, ಅವತ್ತು ನೋಡಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಹಿತ್ತಲಲ್ಲಿ ಸುಣ್ಣದ ಗುಂಡಿ ಇತ್ತು. ನಿಮ್ಮ ಅಪ್ಪ ಕೋಲಿನಿಂದ ತೊಗಲನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ಹುಣಸೆಮರಕ್ಕೆ ಚೀಲದ ಹಾಗೆ ಹೊಲಿದ ಒಂದು ತೊಗಲು ನೇತುಹಾಕಿದ್ದರು. ಅದರೊಳಗೆ ತಂಗಡಿ ಗಿಡದ ತೊಗಟೆ ತುಂಬಿ ನೀರು ಹಾಕಿದ್ದರು, ಅಡಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಮೊದಲು ಸುಣ್ಣ ಎಂದು ನೆನಪಿತ್ತು. ಸಂಕ್ರಾಂತಿಯ ದಿನ ಲೈನಿನವರೆಲ್ಲ ಹಸುಗಳಿಗೆ ಬಣ್ಣ ಹಚ್ಚುತ್ತಿದ್ದರೆ ನಾನು ಡ್ರಮ್ಮಿನಲ್ಲಿ ಸುಣ್ಣ ಕದಡಿ ಕರುವಿನ ತೊಗಲು ಮುಳುಗಿಸಿದೆ.

ನಾಲ್ಕನೆಯ ದಿನ ಎತ್ತಿದರೆ ಕೂದಲೆಲ್ಲ ಕೈಗೆ ಬಂತು, ರತ್ನ. ಬೆನ್ನಿನ ಮೇಲಿದ್ದ ಬಿಳಿ ಮಚ್ಚೆಯೂ ಹೋಯಿತು. ಡ್ರಮ್ಮಿನಲ್ಲಿ ಉಳಿದದ್ದು ಬೆಳ್ಳಗೆ ಊದಿಕೊಂಡ, ಯಾವ ಪ್ರಾಣಿಯದು ಎಂದು ಹೇಳಲಾಗದ ಒಂದು ವಸ್ತು. ಇವರು ನೋಡಿ, "ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದೆ" ಎಂದರು. ಕೆಂಪಿಯ ಮುಂದೆ ಒಮ್ಮೆ ಹಿಡಿದೆ. ಮೂಸಿ ಮುಖ ತಿರುಗಿಸಿ, ಕೊಟ್ಟಿಗೆಯ ಬಾಗಿಲ ಕಡೆ ನೋಡಿಕೊಂಡು ಕೂಗಿತು. ಕರು ಆಚೆ ಎಲ್ಲೋ ಇದೆ, ನಾನೇ ಬಚ್ಚಿಟ್ಟಿದ್ದೇನೆ ಎಂದು ತಿಳಿದಿದೆಯೋ ಏನೋ. ಅದಕ್ಕೆ ಏನು ಅನಿಸುತ್ತದೆ ಎಂದು ನನಗೆ ತಿಳಿಯದು, ನಾನು ಎಲ್ಲಿ ತಪ್ಪಿದೆ ಎಂದೂ ತಿಳಿಯದು. ನಿಮ್ಮ ಅಪ್ಪ ಮಾಡಿದ ಹಾಗೇ ಮಾಡಿದೆನಲ್ಲ?

ಎರಡು ದಿನ ನೀರು ಬಸಿಯಲು ಬಿಟ್ಟು, ಹಾಗೇ ಉಪ್ಪು ಬೆಲ್ಲ ಸವರಿ ಇನ್ನೊಮ್ಮೆ ನೆಕ್ಕಿಸಿ ನೋಡುತ್ತೇನೆ. ಶಿವರಾತ್ರಿಯೊಳಗೆ ಹಾಲು ಬಿಡದಿದ್ದರೆ ಕುಪ್ಪುಸ್ವಾಮಿ ಬರುತ್ತಾನೆ.

ಭಾರ್ಗವಿ

*

ಬಂಗಾರಪೇಟೆ
22-1-2024

ಭಾರ್ಗವಿ,

ಈ ಕಾಗದ ಸಿಕ್ಕ ಕೂಡಲೇ ತೊಗಲನ್ನು ಹಸುವಿನ ಹತ್ತಿರದಿಂದ ತೆಗೆ. ಸುಣ್ಣ ಒಳಗೇ ಇದೆ, ನೆಕ್ಕಿದರೆ ನಾಲಿಗೆ ಬೆಂದುಹೋಗುತ್ತದೆ. ಅಂಚೆ ತಡವಾದರೆ ಎಂದು ನಿನ್ನ ನಂಬರಿಗೂ ಮಾಡಿದೆ. ನಿನ್ನ ಯಜಮಾನರು ಚಂದ್ರಶೇಖರ್ ಎತ್ತಿದರು. "ತೊಗಲು ತೆಗೀರಿ" ಎಂದಷ್ಟೇ ಹೇಳಿ ಇಟ್ಟೆ.

ಸುಣ್ಣ ಹಾಕುವುದು ಕೂದಲು ಉದುರಲಿ ಎಂದೇ. ಚಪ್ಪಲಿಗೆ ಕೂದಲು ಬೇಡ, ಕರುವಿಗೆ ಬೇಕು. ಕೂದಲು ಉಳಿಯಬೇಕಾದರೆ ಸುಣ್ಣ ಮುಟ್ಟಿಸಬಾರದಿತ್ತು, ಉಪ್ಪಿನಲ್ಲೇ ಇಟ್ಟು ಒಳಮೈ ಹೆರೆದು ತೊಗಟೆ ಕಷಾಯ ಬಳಿಯಬೇಕಿತ್ತು. ನೋಡಿದೆ ಎನ್ನುತ್ತೀಯ, ಯಾಕೆ ಎಂದು ಕೇಳಲಿಲ್ಲ. ಈಗ ಆದದ್ದಾಯಿತು.

ತೊಗಲನ್ನು ನಾಲ್ಕು ನೀರಿನಲ್ಲಿ ತೊಳೆ. ತೌಡನ್ನು ನೀರಿನಲ್ಲಿ ಎರಡು ದಿನ ಹುಳಿ ಬರಿಸಿ ಅದರಲ್ಲಿ ಮುಳುಗಿಸು. ಮೂರನೆಯ ದಿನ ತೆಗೆದು ಅಂಚನ್ನು ಚೂರು ಕತ್ತರಿಸಿ ಅರಿಶಿನದ ನೀರು ಒಂದು ಹನಿ ಬಿಡು. ಕೆಂಪಾದರೆ ಸುಣ್ಣ ಇದೆ, ಮತ್ತೆ ನೆನೆಹಾಕು. ಹಳದಿ ಹಳದಿಯಾಗೇ ಉಳಿದರೆ ಸುಣ್ಣ ಬಿಟ್ಟಿತು. ಇದು ನಾನು ಒಂಬತ್ತನೆಯ ಕ್ಲಾಸಿಗೆ ಮಾಡಿದ ಪಾಠ. ಅಪ್ಪ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದ.

ಆಮೇಲೆ ಒಳಮೈಯ ಮಾಂಸವನ್ನು ಮೊಂಡು ಕತ್ತಿಯಿಂದ ಹೆರೆ. ತಂಗಡಿ ತೊಗಟೆ ಜಜ್ಜಿ ನೀರಿಗೆ ಹಾಕು. ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಸುತ್ತ ಬೆಳೆದ ಗಿಡದ್ದು ಬೇಡ, ವಿಷ, ಬೇತಮಂಗಲದ ರಸ್ತೆಯ ಪಕ್ಕದ್ದು ತರಿಸು. ಮೊದಲು ತಿಳಿ ನೀರು, ನಾಲ್ಕು ದಿನದ ಮೇಲೆ ಗಟ್ಟಿ ನೀರು. ಮೊದಲೇ ಗಟ್ಟಿ ಹಾಕಿದರೆ ಮೇಲ್ಗಡೆ ಬಿಗಿದುಕೊಂಡು ಒಳಗೆ ಹಸಿಯಾಗೇ ಕೊಳೆಯುತ್ತದೆ. ನಡುವೆ ಕತ್ತರಿಸಿ ನೋಡಿದರೆ ಪೂರ್ತಿ ಕಂದು ಬಣ್ಣ ಇರಬೇಕು. ನೆರಳಲ್ಲಿ ಅರೆಬರೆ ಒಣಗಿಸಿ ಎಣ್ಣೆ ತಿಕ್ಕು. ಅಪ್ಪ ಹೊಂಗೆ ಎಣ್ಣೆ ತಿಕ್ಕುತ್ತಿದ್ದ. ನೀನು ತಿಕ್ಕಬೇಡ, ಕಹಿ, ಹಸು ನೆಕ್ಕುವುದಿಲ್ಲ. ಕಡಲೆಕಾಯಿ ಎಣ್ಣೆ ಸಾಕು. ಪೂರ್ತಿ ಒಣಗುವ ಮೊದಲೇ ಹುಲ್ಲು ತುಂಬಿ ಹೊಲಿ.

ಕೂದಲಿಲ್ಲದ ಕರುವನ್ನು ಕೆಂಪಿ ಒಪ್ಪುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಸ್ವೆಟರ್ ಒಗೆದಿಲ್ಲ ತಾನೇ? ಒಗೆಯಬೇಡ, ಅದನ್ನೇ ತೊಡಿಸು. ಹಸುವಿಗೆ ಕಣ್ಣಿಗಿಂತ ಮೂಗು ಮುಂದು. ಆಮೇಲೆ ನಿನ್ನ ಉಪ್ಪು ಬೆಲ್ಲ ಸವರು. ಅಲ್ಲಿಯವರೆಗೆ ಬಿಸಿನೀರಿನ ಬಟ್ಟೆ ಒತ್ತಿ ದಿನಾ ಎರಡು ಹೊತ್ತು ಹಿಂಡು, ಬಿಟ್ಟರೆ ಕೆಚ್ಚಲು ಬತ್ತುತ್ತದೆ.

ಇಷ್ಟೆಲ್ಲ ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಬರೆಯಲು ಕೂತರೆ ಕೈ ನಿಲ್ಲಲಿಲ್ಲ. ನಲವತ್ತು ವರ್ಷ ಮರೆಯಲು ಪಟ್ಟ ಪಾಡು ಅರ್ಧ ಗಂಟೆಯಲ್ಲಿ ನೀರುಪಾಲಾಯಿತು. ನಿನ್ನ ಮೇಲೆ ಸಿಟ್ಟು ಬರುತ್ತಿದೆ. ನಿನಗೆ ನಮ್ಮ ಹಿತ್ತಲು, ಗುಂಡಿ, ಹುಣಸೆಮರ ಎಲ್ಲ ನೆನಪಿದೆ. ನೆನಪಿರಬೇಕಾದ ಒಂದು ಮಾತ್ರ ನೆನಪಿಲ್ಲ.

ಮುನಿರತ್ನಮ್ಮ

*

ಕೋರಮಂಡಲ್
5-2-2024

ರತ್ನ,

ಇವರು ಬುದ್ಧಿವಂತರು. "ಯಾರೋ ಟೀಚರ್ ಥರ ಗದರಿದ್ರು, ತೊಗಲು ತೆಗೀಬೇಕಂತೆ" ಎಂದರು. ನೆಕ್ಕಿಸಲು ಹೊರಟವಳು ಅಲ್ಲೇ ನಿಂತೆ. ಕೆಂಪಿಯ ನಾಲಿಗೆ ಉಳಿಯಿತು.

ಸೆಲ್ವರಾಜ್ ಒಂದು ಮೂಟೆ ತೊಗಟೆ ತಂದುಕೊಟ್ಟ. ಅರಿಶಿನದ ಹನಿ ಎರಡು ಸಲ ಕೆಂಪಾಯಿತು, ಮೂರನೆಯ ಸಲ ಹಳದಿಯಾಗಿ ನಿಂತಿತು. ಅಡುಗೆಮನೆಯಿಂದ ಕೂಗಿ ಇವರನ್ನು ಕರೆದು ತೋರಿಸಿದೆ. ಈಗ ಗಟ್ಟಿ ನೀರಿನಲ್ಲಿದೆ. ನನ್ನ ಹತ್ತು ಉಗುರೂ ಕಂದು ಬಣ್ಣಕ್ಕೆ ತಿರುಗಿವೆ, ತಟ್ಟೆಗೆ ಕೈ ಹಾಕಿದರೆ ಇವರು ಬೇರೆ ಕಡೆ ನೋಡುತ್ತಾರೆ. ಇಂಥ ಕೈಗಳನ್ನು ಎಲ್ಲೋ ನೋಡಿದ್ದೇನೆ ಎಂದುಕೊಂಡೆ. ಆ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಡಲೆಕಾಯಿ ಪೊಟ್ಟಣ ಕೊಟ್ಟ ನಿಮ್ಮ ಅಪ್ಪನ ಕೈ.

ಆ 'ಒಂದು' ಯಾವುದು, ರತ್ನ? ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ನಿನ್ನ ಮೈಸೂರು ಸಿಲ್ಕ್ ಸೀರೆ ಉಡಲು ತೆಗೆದುಕೊಂಡು ಅರಿಶಿನದ ಕಲೆ ಮಾಡಿ ಕೊಟ್ಟದ್ದೇ? ನಿನ್ನ ಗಂಡನ ತಂದೆ ಹೋದಾಗ ಹದಿಮೂರನೆಯ ದಿನಕ್ಕೆ ಮಾತ್ರ ಬಂದದ್ದೇ? ನಿನ್ನ ಮಗಳು ಅನು ಕಪ್ಪಗಿದ್ದಾಳೆ ಎಂದು ಎಂದಾದರೂ ಅಂದೆನೇ? ಇವರನ್ನು ಕೇಳಿದರೆ, "ನೀನು ಬಾಯಿ ಬಿಟ್ಟರೆ ಒಂದಲ್ಲ ಒಂದು ಉದುರುತ್ತೆ, ಯಾವುದು ಅಂತ ಲೆಕ್ಕ ಇಡೋದು" ಎನ್ನುತ್ತಾರೆ. ಹೇಳಿಬಿಡು. ಗೊತ್ತಿಲ್ಲದ ತಪ್ಪನ್ನು ಹೊತ್ತು ತಿರುಗುವುದಕ್ಕಿಂತ ಬೈಸಿಕೊಳ್ಳುವುದು ವಾಸಿ.

ನಿನ್ನ,
ಭಾರ್ಗವಿ

*

ಬಂಗಾರಪೇಟೆ
12-2-2024

ಭಾರ್ಗವಿ,

ಸೀರೆಯ ಕಲೆ ಹೋಯಿತು. ಅದಲ್ಲ.

2013ರಲ್ಲಿ ನಾವು ಇಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಮನೆ ಕೊಡುವಾಗ ಯಾವ ಜನ ಎಂದು ಮಾಲೀಕರು ಬಾಯಿಬಿಟ್ಟು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪ ನಮ್ಮ ಜೊತೆಗಿದ್ದ. ಅವನನ್ನು ಚಿನ್ನದ ಗಣಿಯಲ್ಲಿದ್ದವನು ಎಂದು ಪರಿಚಯಿಸಿದ್ದೆ. ಶ್ರಾವಣದಲ್ಲಿ ಕೆಳಗೆ ಮಾಲೀಕರ ಮನೆಯ ಪೂಜೆಗೆ ನೀನೂ ಬಂದಿದ್ದೆ. ಬಾಗಿಲಲ್ಲಿ ನೀನು ಚಪ್ಪಲಿ ಬಿಡುವಾಗ ಆ ಮನೆಯಾಕೆ, ಎಲ್ಲಿ ಕೊಂಡಿರಿ, ಚೆನ್ನಾಗಿದೆ ಎಂದಳು. ನೀನು ಹತ್ತು ಹೆಂಗಸರ ಎದುರು ಶುರು ಮಾಡಿದೆ. "ಕೊಂಡಿದ್ದಲ್ಲ, ರತ್ನನ ಅಪ್ಪ ಮಾಡಿಕೊಟ್ಟಿದ್ದು. ಹಸಿ ತೊಗಲು ಮನೆಗೆ ತಂದು ಅವರೇ ಹದ ಮಾಡಿ ಹೊಲೀತಿದ್ರು. ಅಂಥ ಕೈ ಈ ಜಿಲ್ಲೆಯಲ್ಲೇ ಇಲ್ಲ."

ಮೂರನೆಯ ವಾರ ಮಾಲೀಕರು, ನಮ್ಮ ಮಗಳು ಊರಿಗೆ ಬರ್ತಾಳೆ, ಮನೆ ಬೇಕು ಎಂದರು. ಮಗಳು ಇವತ್ತಿಗೂ ಬಂದಿಲ್ಲ. ಆ ವರ್ಷ ಮೂರು ಮನೆ ಬದಲಾಯಿಸಿದೆವು. ಅನು ಕಟ್ಟಿದ ಸಾಮಾನಿನ ಮಧ್ಯೆ ಕೂತು ಎಸ್ಸೆಸ್ಸೆಲ್ಸಿಗೆ ಓದಿದಳು. ನೀನು ಊಟ ಮಾಡಿ, ತಾಂಬೂಲ ತೆಗೆದುಕೊಂಡು, ಕೈ ಬೀಸಿ ಟ್ರೈನ್ ಹತ್ತಿದ್ದೆ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ.

ಅವತ್ತು ಅಪ್ಪ ಮಹಡಿಯ ಮೆಟ್ಟಿಲ ಮೇಲೆ ಕೂತು ನಿನ್ನ ಮಾತು ಕೇಳಿಸಿಕೊಂಡ. ಸಾಮಾನು ಕಟ್ಟುವಾಗ ನಾನು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು, "ಆಯಮ್ಮ ಒಳ್ಳೇದೇ ಏಳಿದ್ಲು ಕಣಮ್ಮಾ. ನನ್ ಕೆಲ್ಸಾನ ನಾಕು ಜನದ ಮುಂದೆ ಒಗಳ್ದೋಳು ಅವ್ಳೊಬ್ಳೇ" ಎಂದ. ಬಾಯ್ಮುಚ್ಚು ಎಂದೆ. ಅಪ್ಪನಿಗೆ ಹಾಗೆ ಅಂದದ್ದು ಅದೇ ಮೊದಲು. ಆಮೇಲೆ ನಾಲ್ಕು ವರ್ಷ ಬದುಕಿದ್ದ, ಆ ಕೆಲಸದ ಸುದ್ದಿ ಎತ್ತಲಿಲ್ಲ. ನಾನೂ ಒಂದು ದಿನ ಕೇಳಲಿಲ್ಲ. ಆ ಕೆಲಸದ ದುಡ್ಡಿನಲ್ಲೇ ನಾನು ಓದಿದ್ದು.

ನನಗೆ ನಿನ್ನ ಮೇಲೆ ಸಿಟ್ಟೋ ನನ್ನ ಮೇಲೋ, ಹತ್ತು ವರ್ಷದಿಂದ ಬಿಡಿಸಿ ನೋಡಲು ಆಗಿಲ್ಲ. ಮನೆ ಹೋದದ್ದು ನಿನ್ನ ಮಾತಿನಿಂದ. ಆ ಮಾತು ನನ್ನ ಬಾಯಿಂದ ಬರಬೇಕಿತ್ತು ಎಂಬುದೂ ನಿಜ. ಎರಡೂ ಒಟ್ಟಿಗೆ ನಿಜವಾದರೆ ಏನು ಮಾಡಬೇಕೋ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ.

ರತ್ನಮ್ಮ

*

ಕೋರಮಂಡಲ್
4-3-2024

ರತ್ನ,

ನಿನ್ನ ಕಾಗದ ಬಂದು ಮೂರು ವಾರವಾಗುತ್ತಾ ಬಂತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಜಗಳ ಮಾಡಿದ್ದೆ. ಹೊಗಳಿದ್ದು ತಪ್ಪೇ? ಮುಚ್ಚಿಟ್ಟಿದ್ದರೆ ಅದು ಕೀಳು ಕೆಲಸ ಎಂದು ನಾನೂ ಒಪ್ಪಿಕೊಂಡ ಹಾಗಲ್ಲವೇ? ಓದಿ ನೋಡಿದೆ. ನನ್ನ ವಾದ ಚೆನ್ನಾಗಿತ್ತು, ಆದರೆ ಮನೆ ಖಾಲಿ ಮಾಡಿದವಳು ನೀನು. ಹರಿದೆ. ಎರಡನೆಯದರಲ್ಲಿ ನನಗೆ ಏನೂ ಗೊತ್ತಿರಲಿಲ್ಲ ಎಂದು ಬರೆದೆ. ಅದನ್ನು ಹರಿಯಲು ಇನ್ನೂ ಹೆಚ್ಚು ಹೊತ್ತು ಬೇಕಾಯಿತು, ಯಾಕೆಂದರೆ ಅದು ಸುಳ್ಳು.

ಹನ್ನೆರಡು ವರ್ಷದವಳಿದ್ದಾಗ ನಿಮ್ಮ ಊರಿನಿಂದ ವಾಪಸ್ ಬಂದ ದಿನ ಅಮ್ಮ ನನ್ನನ್ನು ಒಳಗೆ ಬಿಡಲಿಲ್ಲ. ಕ್ವಾರ್ಟರ್ಸಿನ ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದಳು. ಯಾಕೆಂದು ಕೇಳಲಿಲ್ಲ, ನಿನಗೂ ಹೇಳಲಿಲ್ಲ. ಆ ಪೂಜೆಯ ದಿನವೂ ನಾನು ಮಾತಾಡಿ ಮುಗಿಸಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕುಂಕುಮದ ಬಟ್ಟಲು ಹಿಂದಕ್ಕೆ ಸರಿಸಿಕೊಂಡಳು. ಅದನ್ನು ನೋಡಿದೆ. ನೋಡಿಯೂ ಟ್ರೈನ್ ಹತ್ತಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆದರೆ ನಾನು ಒಡೆದದ್ದನ್ನು ಆರಿಸಲೂ ಬಗ್ಗಲಿಲ್ಲ. ನನ್ನ ತಪ್ಪು ಅದು. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಕೆಂಪಿಯ ಸುದ್ದಿ. ನಿನ್ನ ಕಾಗದ ಬಂದ ಮಾರನೆಯ ದಿನವೇ ಹುಲ್ಲು ತುಂಬಿ ಹೊಲಿದೆ. ಕಾಲುಗಳು ನಾಲ್ಕು ಅಳತೆಗೆ ಬಂದವು, ಒಂದು ಕಡೆ ವಾಲುತ್ತದೆ. ಬೋಳು ಮೈಗೆ ಮರೂನ್ ಸ್ವೆಟರ್ ತೊಡಿಸಿ ನಿಲ್ಲಿಸಿದಾಗ ಇವರು ಪೇಪರಿನಿಂದ ಮುಖ ಮುಚ್ಚಿಕೊಂಡು ನಕ್ಕರು. ಕೆಂಪಿ ಮೊದಲ ದಿನ ಹೆದರಿ ಹಿಂದೆ ಸರಿಯಿತು. ಎರಡನೆಯ ದಿನ ಮೂಸಿತು. ಸ್ವೆಟರಿನ ಕುತ್ತಿಗೆಗೆ ಮೂಗಿಟ್ಟು ಬಹಳ ಹೊತ್ತು ನಿಂತಿತ್ತು. ಮತ್ತೆ ಬಾಗಿಲ ಕಡೆ ನೋಡಿತು, ಮತ್ತೆ ಮೂಸಿತು. ಇದು ಅದೇ ಹೌದೋ ಅಲ್ಲವೋ ಎಂದು ಅದಕ್ಕೂ ಬಗೆಹರಿಯಲಿಲ್ಲ. ಐದನೆಯ ದಿನ ನೆಕ್ಕಲು ಶುರು ಮಾಡಿತು. ಉಪ್ಪು ಇದ್ದ ಬೆನ್ನನ್ನಲ್ಲ, ಸ್ವೆಟರಿನ ತೋಳನ್ನು. ನಾನು ಕೆಚ್ಚಲಿಗೆ ಕೈ ಹಾಕಿದೆ. ಸೊರ ಬಿಟ್ಟಿತು, ರತ್ನ. ಚೊಂಬು ತುಂಬಿತು. ನಾನು ಹಾಲಿಗೆ ಅತ್ತೆನೋ ನಿನಗೆ ಅತ್ತೆನೋ ಗೊತ್ತಿಲ್ಲ. ಕುಪ್ಪುಸ್ವಾಮಿ ಬಂದಿದ್ದ. ಇವರೇ ಅವನಿಗೆ ಕಾಫಿ ಕೊಟ್ಟು ಕಳಿಸಿದರು, ಅದೇ ಹಾಲಿನ ಕಾಫಿ.

ಈಗ ಒಂದು ತೊಡಕು. ಲೈನಿನವರೆಲ್ಲ ದಿನಾ ಕರು ನೋಡಲು ಬರುತ್ತಾರೆ. ಮುಟ್ಟಿ ನೋಡಿ, ವಾಸನೆಯೇ ಇಲ್ಲವಲ್ಲ ಎನ್ನುತ್ತಾರೆ. ನಿನ್ನೆ ದ್ಯಾವಮ್ಮ ಎಲ್ಲರ ಮುಂದೆ, "ಯಾರಮ್ಮಾ ನಿಂಗೆ ಇದ್ನ ಏಳ್ಕೊಟ್ಟೋರು? ಆ ಕೈ ನಾನೂ ನೋಡ್ಬೇಕು" ಎಂದಳು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನಿನ್ನ ಅಪ್ಪನದೂ. ಬಾಯಿ ಮುಚ್ಚಿಕೊಂಡೆ. ಹೇಳಿದರೆ ನಿನ್ನನ್ನು ಮತ್ತೆ ಬೀದಿಗೆ ತಂದ ಹಾಗೆ, ಹೇಳದಿದ್ದರೆ ಅವರ ಕೆಲಸವನ್ನು ಮತ್ತೆ ಮುಚ್ಚಿಟ್ಟ ಹಾಗೆ. "ಕೇಳಿ ಹೇಳ್ತೀನಿ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಹೋದ ಸಲ ನಿನ್ನನ್ನು ಕೇಳದೆ ಹೇಳಿದೆ. ಈ ಸಲ ಕೇಳುತ್ತಿದ್ದೇನೆ. ಏನು ಹೇಳಲಿ?

ನಿನ್ನ,
ಭಾರ್ಗವಿ

*

ಬಂಗಾರಪೇಟೆ
11-3-2024

ಭಾರ್ಗವಿ,

ಕಾಲುಗಳು ನಾಲ್ಕು ಅಳತೆಗೆ ಬಂದದ್ದು ನೀನು ಹೊಟ್ಟೆಗೆ ಮೊದಲು ಹುಲ್ಲು ತುಂಬಿದ್ದಕ್ಕೆ. ಕಾಲಿನಿಂದ ಶುರು ಮಾಡಬೇಕು. ಬಿಚ್ಚಬೇಡ, ನಾನು ಬಂದು ಸರಿ ಮಾಡುತ್ತೇನೆ. ಅಪ್ಪನ ಹೆರೆಯುವ ಕತ್ತಿ ಮತ್ತು ದಬ್ಬಳ ಅಟ್ಟದ ಮೇಲಿದ್ದವು, ನಿನ್ನೆ ಇಳಿಸಿದೆ. ತುಕ್ಕು ಹಿಡಿದಿವೆ. ಉಜ್ಜುತ್ತಾ ಕೂತರೆ ಅನು ಬಂದು ಏನಮ್ಮಾ ಅದು ಎಂದಳು. ಅವಳಿಗೆ ಇಪ್ಪತ್ತಾರು ವರ್ಷ. ಅವಳ ತಾತನ ಕೆಲಸ ಏನಾಗಿತ್ತೆಂದು ಮೊದಲ ಸಲ ಹೇಳಿದೆ. ಅವಳು ಕತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. ಉಜ್ಜಲು ದಬ್ಬಳವನ್ನು ಅವಳ ಕೈಗೆ ಕೊಟ್ಟೆ.

ಕ್ಷಮೆಯ ವಿಷಯ ಈಗ ಬರೆಯಲಾರೆ. ಆ ಮೂರು ಮನೆಗಳು ಇನ್ನೂ ನನ್ನ ಒಳಗಿವೆ. ಅರಿಶಿನದ ಹನಿ ಎರಡು ಸಲ ಕೆಂಪಾಯಿತು ಎಂದೆಯಲ್ಲ, ಇದಕ್ಕೂ ಅಷ್ಟು ನೀರು ಬೇಕು.

ಭಾನುವಾರ ಬೆಳಗಿನ ಮಾರಿಕುಪ್ಪಂ ಪ್ಯಾಸೆಂಜರಿಗೆ ಅನು ಜೊತೆ ಬರುತ್ತೇನೆ. ಕೋರಮಂಡಲ್ ಸ್ಟೇಷನ್ನಿಗೆ ಬಾ, ಆ ಚಪ್ಪಲಿ ಹಾಕಿಕೊಂಡು ಬಾ. ಅಲ್ಲಿಯವರೆಗೆ ದ್ಯಾವಮ್ಮನಿಗೆ ಏನೂ ಹೇಳಬೇಡ.

ನಾನೇ ಹೇಳುತ್ತೇನೆ.

ಇಂತಿ,
ತೊಗಲು ಹದ ಮಾಡುತ್ತಿದ್ದ ಮುನಿಸ್ವಾಮಪ್ಪನ ಮಗಳು
ರತ್ನ